ಗಲ್ಲಾಪೆಟ್ಟಿಗೆಯ ಮೇಲಿನ ಸೊರದ ದವಡೆ

ಸೊರ ಎಂದರೆ ಶಾರ್ಕ್. ವಿಶಾಖಪಟ್ಟಣದ ದೋಣಿಯವರು ತೆಲುಗಿನಲ್ಲಿ ಹಾಗೆನ್ನುತ್ತಾರೆ, ನನ್ನ ಬಾಯಿಗೂ ಅದೇ ಹತ್ತಿದೆ. ನನ್ನ ಎಡಗೈಯಲ್ಲಿ ತೋರುಬೆರಳೂ ನಡುಬೆರಳೂ ಇಲ್ಲ. ನೋಡಿದವರೆಲ್ಲ ಸೊರ ತಿಂದಿತಂತೆ ಎನ್ನುತ್ತಾರೆ. ತಿಂದಿಲ್ಲ. ಸೊರದ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಇರುವ ಸಿಟ್ಟೆಲ್ಲ ಅಕ್ಕನ ಗಂಡನ ಮೇಲೆ, ನಾನು ಮಾವ ಎಂದು ಕರೆಯುವ ಕುರುಗೋಡಿನವನ ಮೇಲೆ. ಅದನ್ನೀಗ ಮುಚ್ಚಿಡುವುದಿಲ್ಲ, ಬೇಕಾದಷ್ಟು ಕಾಲ ಮುಚ್ಚಿಟ್ಟಾಗಿದೆ.

ನಾವು ಸಿರುಗುಪ್ಪ ಕಡೆಯ ಕರೂರಿನವರು. ನಾನು ಸಿರುಗುಪ್ಪದಲ್ಲಿ ಭತ್ತ ಕೊಯ್ಯುವ ಮಷಿನ್‌ಗಳ ರಿಪೇರಿ ಮಾಡಿಕೊಂಡಿದ್ದಾಗ ಮಾವ ವಿಶಾಖಪಟ್ಟಣದ ಬಂದರಿನಲ್ಲಿದ್ದ. ದೂರದ ಸಮುದ್ರಕ್ಕೆ ಹೋಗಿ ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿ ಮೇಸ್ತ್ರಿ. “ಮಷಿನ್ ಗೊತ್ತಿದ್ದವ ಒಬ್ಬ ಬೇಕಾಗ್ಯಾನ, ಬಾರಲೇ” ಎಂದು ಫೋನಿನಲ್ಲಿ ಕರೆದ. ಹೋದೆ. ಅಲ್ಲಿಯವರೆಗೆ ನಾನು ಕಂಡಿದ್ದ ದೊಡ್ಡ ನೀರೆಂದರೆ ತುಂಗಭದ್ರೆ.

ಆ ಮೀನು ಹಿಡಿಯಲು ಬಲೆ ಬೀಸುವುದಿಲ್ಲ. ಮೈಲಿಗಟ್ಟಲೆ ಉದ್ದದ ನೈಲಾನ್ ಹಗ್ಗ, ಅದಕ್ಕೆ ತೋರಣದ ಎಲೆಗಳ ಹಾಗೆ ಇಳಿಬಿದ್ದ ದಾರಗಳು, ಒಂದೊಂದು ದಾರದ ತುದಿಗೂ ಗಾಳ, ಗಾಳಕ್ಕೆ ಸಣ್ಣ ಮೀನು. ನಸುಕಿನಲ್ಲಿ ಬಿಟ್ಟು ಮಧ್ಯಾಹ್ನ ಎಳೆಯುವುದು. ನಮಗೆ ಬೇಕಾದದ್ದು ಟ್ಯೂನಾ, ಆದರೆ ಗಾಳಕ್ಕೆ ಅದೆಲ್ಲ ಏನು ಗೊತ್ತು? ಸೊರವೂ ಬಂದು ಕಚ್ಚುತ್ತದೆ. ದಾರ ಬರೀ ನೈಲಾನ್ ಆದರೆ ಹಲ್ಲಿನಿಂದ ಕಡಿದುಕೊಂಡು ತನ್ನ ದಾರಿ ಹಿಡಿಯುತ್ತದೆ. ಮಾವ ಗಾಳದ ಹತ್ತಿರ ಮೊಳದುದ್ದದ ಉಕ್ಕಿನ ತಂತಿ ಸೇರಿಸುತ್ತಿದ್ದ. ಟ್ಯೂನಾಕ್ಕೆ ಆ ತಂತಿ ಬೇಕಿಲ್ಲ. ಸೊರ ಕಡಿದುಕೊಂಡು ಹೋಗದಿರಲಿ ಎಂದೇ ಅದನ್ನು ಕಟ್ಟುವುದು. ಕಟ್ಟಿಬಿಟ್ಟು, ಸೊರ ಸಿಕ್ಕಾಗ “ಅಯ್ಯೋ, ತಪ್ಪಿ ಸಿಕ್ತು” ಎನ್ನುತ್ತಿದ್ದ. ನನ್ನ ಮಾವನ ಜಾತಕವೆಲ್ಲ ಈ ಒಂದು ಮಾತಿನಲ್ಲಿದೆ.

ದೋಣಿ ನಡೆಸುವ ಸರಂಗನದು ಮಾತ್ರ ಬೇರೆ ಕಟ್ಟಳೆ. ಜೀವಂತ ಸೊರ ಬಂದರೆ ದೋಣಿಗೆ ಹತ್ತಿಸಬಾರದು, ನೀರಿನ ಮೇಲಿರುವಾಗಲೇ ತಂತಿ ಕತ್ತರಿಸಿ ಬಿಟ್ಟುಬಿಡಬೇಕು. ಅವನಿಗೆ ಸೊರದ ಮೇಲೆ ಕರುಣೆಯೇನೂ ಇರಲಿಲ್ಲ, ತನ್ನ ಜನರ ಕೈಕಾಲು ಉಳಿದರೆ ಸಾಕಿತ್ತು. ಕತ್ತರಿಸುವ ಕೆಲಸ ನನ್ನದು. ಸೊಂಟದಲ್ಲಿ ಯಾವಾಗಲೂ ಕಟಿಂಗ್ ಪ್ಲೇಯರ್ ಇರುತ್ತಿತ್ತು.

ಆವತ್ತು ಬಂದದ್ದು ನನಗಿಂತ ಉದ್ದದ ಸೊರ. ಎಡಗೈಯಲ್ಲಿ ತಂತಿ ಹಿಡಿದು, ಬಲಗೈಯಲ್ಲಿ ಪ್ಲೇಯರ್ ತೆಗೆದು ಬಗ್ಗಿದೆ. ಮೇಲಿನಿಂದ ಸರಂಗ “ಕೋಸೆಯ್ ರಾ, ಕೋಸೆಯ್!” ಎಂದು ಕೂಗುತ್ತಿದ್ದ. ಕತ್ತರಿಸೋ, ಕತ್ತರಿಸು ಎಂದು. ಅಷ್ಟರಲ್ಲಿ ಮಾವ ಹಿಂದಿನಿಂದ ಬಂದು ಪ್ಲೇಯರನ್ನು ನನ್ನ ಕೈಯಿಂದ ಕಸಿದುಕೊಂಡ.

“ತಡಿಯಲೇ! ಇದರ ದವಡಿ ಬೇಕು ನನಗ. ಬಳ್ಳಾರ್ಯಾಗ ಹೋಟೆಲ್ ಹಾಕಿದ್ರ ತೂಗಹಾಕ್ತೀನಿ.”

ಸೊರ ಒಮ್ಮೆ ಮಗ್ಗುಲು ಹೊರಳಿತು. ತಂತಿ ನನ್ನ ಬೆರಳುಗಳಿಗೆ ಸುತ್ತಿಕೊಂಡು ಬಿಗಿಯಿತು. ಅಷ್ಟೇ ನಡೆದದ್ದು. ಅದರ ಹಲ್ಲು ನನ್ನ ಹತ್ತಿರಕ್ಕೂ ಬರಲಿಲ್ಲ. ನಾನು ಹಲಗೆಯ ಮೇಲೆ ಬಿದ್ದು ಒದ್ದಾಡುತ್ತಿದ್ದೆ. ಮಾವ ಇನ್ನಿಬ್ಬರನ್ನು ಕರೆದು ಸೊರವನ್ನು ಮೇಲೆಳೆಸಿದ, ಅದೂ ನನ್ನ ಪಕ್ಕದಲ್ಲೇ ಬಿದ್ದು ಒದ್ದಾಡಿತು. ಸರಂಗ ಇಳಿದು ಬಂದು ತನ್ನ ಟವೆಲಿನಿಂದ ನನ್ನ ಕೈ ಕಟ್ಟಿದ. ಮಾವ ಚೂರಿ ಹಿಡಿದು ಸೊರದ ಬಾಯಿಯ ಮೇಲೆ ಬಗ್ಗಿದ್ದ. ಒಂದು ಸಲವೂ ತಿರುಗಿ ನೋಡಲಿಲ್ಲ. ಆ ಬಗ್ಗಿದ ಬೆನ್ನನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ನಾನು ಆಸ್ಪತ್ರೆಯಲ್ಲಿ ಜ್ವರದಲ್ಲಿದ್ದಾಗ ಮಾವ ಊರಿಗೆ ಫೋನ್ ಮಾಡಿ ಕಥೆ ಕಟ್ಟಿದ. ನನ್ನ ಕೈ ಸೊರದ ಬಾಯಿಗೆ ಸಿಕ್ಕಿತ್ತಂತೆ. ತಾನು ತಂತಿ ಕತ್ತರಿಸಿ ಸೊರವನ್ನು ನೀರಿಗೆ ಕೆಡವಿ ನನ್ನನ್ನು ಉಳಿಸಿದನಂತೆ. ಕರೂರಿಗೆ ನನಗಿಂತ ಮೊದಲು ಆ ಕಥೆ ಬಂದು ಮುಟ್ಟಿತ್ತು. ನಾನು ನಿಜ ಹೇಳಿದರೆ ಅಕ್ಕ ಕಣ್ಣೀರು ಹಾಕಿದಳು. “ಜೀವ ಉಳಿಸಿದವರ ಮ್ಯಾಲ ಹಂಗ ಮಾತಾಡಬ್ಯಾಡಪ್ಪ ತಮ್ಮ, ದೇವರು ಮೆಚ್ಚಂಗಿಲ್ಲ” ಎಂದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನ್ನ ಅಂಗೈಯನ್ನು ಮುಖದ ಮುಂದೆ ಹಿಡಿದರೂ ಅಕ್ಕನಿಗೆ ಕಂಡದ್ದು ಗಂಡನ ಉಪಕಾರ.

ಅಲ್ಲಿಂದ ಪ್ರತಿ ದೀಪಾವಳಿಗೆ ಕುರುಗೋಡಿಗೆ ಹೋಗಿ, ಅಕ್ಕ ಹೇಳಿದ ಹಾಗೆ ನಾನು ಅವನ ಕಾಲು ಮುಟ್ಟಬೇಕು. ಮುಟ್ಟುತ್ತಿದ್ದೆ. ಅವನು “ಇರಲಿ, ಇರಲಿ” ಎಂದು ದೊಡ್ಡ ಮನುಷ್ಯನಂತೆ ತಲೆ ಸವರುತ್ತಿದ್ದ. ಬೆರಳು ಹೋದದ್ದಕ್ಕಿಂತ ಆ ತಲೆ ಸವರುವುದು ಹೆಚ್ಚು ಉರಿಯುತ್ತಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ?

ಬಂದಳು. ಮಾವ ಸಮುದ್ರ ಬಿಟ್ಟು ಬಳ್ಳಾರಿಯಲ್ಲಿ ರೊಟ್ಟಿ, ಮಟನ್ನು, ಮೀನು ಫ್ರೈ ಮಾಡುವ ಹೋಟೆಲ್ ಹಾಕಿದ. ಬಂದರಿನ ಗೆಳೆಯನ ಮನೆಯಲ್ಲಿ ಬಚ್ಚಿಟ್ಟಿದ್ದ ದವಡೆಯನ್ನು ತರಿಸಿ, ಸಿಕ್ಕಿದ್ದ ಗಾಳವನ್ನೂ ಬಿಡಿಸದೆ, ಅದೇ ತಂತಿಯಿಂದ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ. ಊಟಕ್ಕೆ ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಿದ್ದ. ಸಮುದ್ರವನ್ನೇ ನೋಡದ ಜನ ಬಾಯಿ ಬಿಟ್ಟು ಕೇಳುತ್ತಿದ್ದರು. ಅದನ್ನು ಮೊದಲ ಸಲ ನೋಡಿದ ದಿನವೇ ನನಗೆ ಗೊತ್ತಾಯಿತು, ಇವನು ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿದ್ದಾನೆ ಎಂದು. ಆದರೆ ಅವಸರ ಮಾಡಲಿಲ್ಲ. ಅಕ್ಕ ಗಲ್ಲಾದಲ್ಲಿ ಕೂರುವುದು ಭಾನುವಾರ. ಭಾನುವಾರಕ್ಕೇ ಹೋದೆ.

ಮಧ್ಯಾಹ್ನ, ಹೋಟೆಲ್ ತುಂಬಿತ್ತು. ಕುಡತಿನಿಯ ವಿದ್ಯುತ್ ಸ್ಥಾವರದಿಂದ ಬೂದಿ ಸಾಗಿಸುವ ಲಾರಿ ಡ್ರೈವರೊಬ್ಬ ನನ್ನ ಎದುರು ಕೂತು ಮೂಳೆ ಚೀಪುತ್ತಿದ್ದ. ನಾನು ದನಿ ಎತ್ತಿ ಕೇಳಿದೆ.

“ಮಾವ, ನನ್ನ ಬೆರಳು ತಿಂದ ಸೊರ ಇದ ಏನ್ರಿ?”

“ಇದ ನೋಡಲೇ. ಮರ್ತಿಯೇನು?”

“ನನ್ನ ಹೆಂಗ ಉಳಿಸಿದ್ರಿ, ಇವರಿಗೆ ಒಮ್ಮೆ ಹೇಳ್ರಿ.”

ಅವನಿಗೆ ಅಷ್ಟೇ ಸಾಕಾಗಿತ್ತು. ಸೌಟು ಹಿಡಿದುಕೊಂಡೇ ಶುರುಮಾಡಿದ. “ಕಟ್ ಅಂತ ತಂತಿ ಕತ್ತರಸಿದ್ನಿ ನೋಡ್ರಿ, ಸೊರ ದಬಕ್ಕನ ನೀರಿಗೆ ಬಿತ್ತು!”

“ನೀರಿಗೆ ಬಿತ್ತಾ?”

“ಬಿತ್ತು. ಮತ್ತ ಕಾಣಲೇ ಇಲ್ಲ.”

“ಹಂಗಾರ ಅದರ ದವಡಿ ಬಳ್ಳಾರಿಗೆ ಹೆಂಗ ಬಂತ್ರಿ ಮಾವ? ಈಜಿಕೊಂತ ಬಂತಾ?”

ಮೊದಲು ನಕ್ಕವನು ಡ್ರೈವರ್. ಆಮೇಲೆ ಹೋಟೆಲ್ಲೆಲ್ಲ ನಕ್ಕಿತು. ಮಾವ “ಅದು... ಆಮ್ಯಾಲ ಮತ್ತ ಸಿಕ್ತು” ಎಂದ. “ಅದ ಸೊರ? ಬಿಲ್ ಕೊಡಾಕ ವಾಪಸ್ ಬಂದಿತ್ತೇನ್ರಿ?” ಎಂದ ಡ್ರೈವರ್.

ಅಕ್ಕ ನಗಲಿಲ್ಲ. ಗಲ್ಲಾದಿಂದ ಎದ್ದು ದವಡೆಯ ಕೆಳಗೆ ನಿಂತು ತಂತಿಯನ್ನು ಗಾಳದಿಂದ ಇನ್ನೊಂದು ತುದಿಯ ತನಕ ಬೆರಳಿನಿಂದ ಸವರಿದಳು. ಎರಡೂ ತುದಿಯಲ್ಲಿ ಗಂಟು ಹಾಗೇ ಇತ್ತು.

“ಕತ್ತರಸಿದ್ದು ಎಲ್ಲೈತ್ರಿ?” ಎಂದು ಗಂಡನನ್ನು ಕೇಳಿದಳು.

ಅವನು ಸೌಟು ಕೆಳಗಿಟ್ಟ. ಅಕ್ಕ ನನ್ನ ಕೈ ನೋಡಿದಳು. ಇಷ್ಟು ವರ್ಷಕ್ಕೆ ಮೊದಲ ಸಲ ನಿಜವಾಗಿ ನೋಡಿದಳು. ನಾನು ರಿಪೇರಿ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಮಾವನ ಮುಂದೆ ಹಿಡಿದೆ.

“ಆವತ್ತು ಕಸಗೊಂಡ್ರಿ. ಇವತ್ತು ನಾನ ಕೊಡ್ತೀನಿ. ಕತ್ತರಸ್ರಿ.”

ಅವನು ಹೆಂಡತಿಯ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಸ್ಟೂಲು ಹತ್ತಿ ತಂತಿ ಕತ್ತರಿಸಿದ. ದವಡೆ ನೆಲಕ್ಕೆ ಬಿದ್ದು ಒಡೆಯಿತು, ಒಂದೆರಡು ಹಲ್ಲು ಟೇಬಲ್ಲಿನ ಕೆಳಗೆ ಉರುಳಿದವು. ಅಕ್ಕ ಪೊರಕೆ ತಂದು ಗುಡಿಸಿದಳು.

ಆ ಹೋಟೆಲಿನ ಕಡೆ ಹೋದವರೆಲ್ಲ ನನ್ನನ್ನು ಕೇಳುತ್ತಾರೆ, ಸ್ವಂತ ಮಾವನ ಮಾನ ಕಳೆದೆಯಲ್ಲ, ಸಮಾಧಾನವಾಯಿತೇ ಎಂದು. ಆಯಿತು. ಚೆನ್ನಾಗಿಯೇ ಆಯಿತು.

ಆ ವರ್ಷವೂ ದೀಪಾವಳಿಗೆ ಕುರುಗೋಡಿಗೆ ಹೋದೆ. ಕಾಲು ಮುಟ್ಟು ಎಂದು ಅಕ್ಕ ಹೇಳಲಿಲ್ಲ. ಎಲೆ ಹಾಕಿ ನನ್ನನ್ನು ಕೂರಿಸಿ, ಹೋಳಿಗೆಯ ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. “ನನ್ನ ತಮ್ಮಗ ನೀವ ಬಡಸ್ರಿ.” ಮಾವ ನನ್ನ ಮುಂದೆ ಬಗ್ಗಿದ, ಆವತ್ತು ಸೊರದ ಮೇಲೆ ಬಗ್ಗಿದ ಹಾಗೆಯೇ. ಎರಡು ಹೋಳಿಗೆಗೆ ನನ್ನ ಹೊಟ್ಟೆ ತುಂಬಿತ್ತು. ಆದರೂ ಎಡಗೈಯನ್ನು ಎಲೆಯ ಪಕ್ಕ ಅವನಿಗೆ ಕಾಣುವಂತೆ ಚಾಚಿ ಇಟ್ಟು ಹೇಳಿದೆ:

“ಇನ್ನೊಂದು ಹಾಕ್ರಿ, ಮಾವ.”