ಗಡಿಗೆಯ ಮೇಲಿನ ಅಂಗೈ

ಫಿಟ್ಟರ ಬಲ ಅಂಗೈ ಯಾವಾಗಲೂ ಗಡಿಗೆಯ ಹೊಟ್ಟೆಯ ಮೇಲೆ ಇರುತ್ತಿತ್ತು. ಗಡಿಗೆಯ ಬಾಯಿಗೆ ಸ್ಪೀಕರು ಕೂರಿಸಿ, ಟೇಪ್ ರೆಕಾರ್ಡರಿಗೆ ವೈರು ಎಳೆದಿದ್ದರು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಫಿಟ್ಟರಾಗಿದ್ದವರು. ಯಂತ್ರದ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ಯಂತ್ರವನ್ನು ಮುಟ್ಟಿ ಅದರ ರೋಗ ಹೇಳುತ್ತಿದ್ದವರು, ಹಾಡನ್ನೂ ಅಂಗೈಯಿಂದಲೇ ಕೇಳುತ್ತಿದ್ದರು.

ಆಗಿನ್ನೂ ಎಂಬತ್ತರ ದಶಕದ ಮೊದಲ ವರ್ಷಗಳು. ಭಾನುವಾರ ಮಿಲ್ಲಿಗೆ ರಜೆ. ಬಿಸಿಲು ಇಳಿದ ಮೇಲೆ, ಭತ್ತ ಒಣಗಿಸುವ ಸಿಮೆಂಟು ಕಣದಲ್ಲಿ ಡಿಸ್ಕೋ ಕ್ಯಾಸೆಟ್ಟು ಹಾಕುತ್ತಿದ್ದರು. ಹಮಾಲರು, ಟೈಲರುಗಳು, ಕಾಲೇಜಿನವರು ಬಂದು ಬೆವರಿಳಿಯುವವರೆಗೆ ಕುಣಿಯುತ್ತಿದ್ದರು. ಊರಿನ ದೊಡ್ಡವರು ಮೂಗು ಮುರಿಯುತ್ತಿದ್ದರು, ಮುರಿಯಲಿ. ಕಣದ ಮಾತೇ ಬೇರೆ. ಸದ್ದು ಏರಿಸಬೇಕೆಂದರೆ ‘ನೀರು ಬಿಡ್ರಿ’ ಅನ್ನಬೇಕು, ಕಾಲುವೆಯವರ ಹಾಗೆ. ಗೋಡೆಗೊರಗಿ ಒಬ್ಬನೇ ನಿಂತವನು ‘ಕಂಬ’. ಯಾವ ಓಣಿ, ಯಾರ ಮಗ ಎಂದು ಯಾರನ್ನೂ ಕೇಳುವಂತಿಲ್ಲ. ಕಂಬವನ್ನು ಮೊದಲು ಕಂಡವನು ಹೋಗಿ ಪಕ್ಕದಲ್ಲಿ ನಿಲ್ಲಬೇಕು. ಕೈ ಹಿಡಿದು ಎಳೆಯಬಾರದು, ಬರೀ ನಿಲ್ಲಬೇಕು. ಈ ಕಟ್ಟಳೆ ಫಿಟ್ಟರದೇ.

ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದ ಹೊಸತರಲ್ಲಿ ನಾನೂ ಕಂಬವೇ. ಬಾಡಿಗೆ ಕೋಣೆಯಲ್ಲಿ ಭಾನುವಾರ ಪೂರ್ತಿ ಒಂದು ಮಾತೂ ಆಡದೆ ಕಳೆಯುತ್ತಿದ್ದವನು. ಮೊದಲ ಸಂಜೆ ಅವರೇ ಗಡಿಗೆ ಬಿಟ್ಟು ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ, “ಕುಣಿಯಾಕ ಬರಲಿಲ್ಲಂದ್ರ ನಡಿತೈತ್ರಿ. ಒಬ್ರ ನಿಂದ್ರಬ್ಯಾಡ್ರಿ” ಅಂದರು. ಎರಡು ವಾರದಲ್ಲಿ ನಾನು ಕಣದ ನಡುವೆ ಇದ್ದೆ.

ಒಂದು ಸಂಜೆ ಕ್ಯಾಸೆಟ್ಟಿನ ಟೇಪು ತುಂಡಾಯಿತು. ನಾವು ನಿಲ್ಲಲಿಲ್ಲ, ಚಪ್ಪಾಳೆ ತಟ್ಟಿಕೊಂಡೇ ಕುಣಿದೆವು. ಅವರಿಗೆ ನಮ್ಮ ಚಪ್ಪಾಳೆ ಕೇಳುವಂತಿರಲಿಲ್ಲ. ನಾವು ಕುಣಿಯುವುದು ಕಾಣುತ್ತಿತ್ತು, ಅಂಗೈಗೆ ಮಾತ್ರ ಏನೂ ತಾಕುತ್ತಿರಲಿಲ್ಲ. ಅಂಗೈ ಎತ್ತಿ ನೋಡಿಕೊಂಡರು, ಅಂಗಿಗೆ ಒರೆಸಿ ಮತ್ತೆ ಇಟ್ಟರು. ಕಿವಿಯಂತೆ ಅಂಗೈಯೂ ಹೋಯಿತು ಅಂದುಕೊಂಡಿರಬೇಕು. ಮೆಲ್ಲಗೆ ಹೋಗಿ ಗೋಡೆಗೊರಗಿ ನಿಂತರು. ಮೊದಲು ಕಂಡವನು ನಾನೇ. ಟೇಪು ಹರಿದಿದೆ ಎಂದು ಒಂದು ಸನ್ನೆ ಮಾಡಿದ್ದರೂ ಸಾಕಿತ್ತು. ಕಣದ ಯಜಮಾನರಿಗೆ ನನ್ನಿಂದ ಏನಾಗಬೇಕು ಎಂದುಕೊಂಡು, ಕುಣಿತದ ಅಮಲಿನಲ್ಲಿ ಮುಖ ತಿರುಗಿಸಿದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಕೆಲಸ ಬಿಟ್ಟು ರಾರಾವಿ ಊರಿನ ಅಕ್ಕನ ಮನೆ ಸೇರಿದ್ದಾರೆಂದು ತಿಳಿಯಿತು. ಹೋಗಿ ಬರಬೇಕು ಅಂದುಕೊಳ್ಳುತ್ತಲೇ ವರ್ಷ ಕಳೆದೆ. ಹೋದದ್ದು ಅವರು ತೀರಿಕೊಂಡ ಸುದ್ದಿ ಬಂದ ಮೇಲೆ.

ಅವರ ಅಕ್ಕ ನೀರು ಕೊಟ್ಟು, ಕಣದಲ್ಲಿ ಕುಣಿಯುತ್ತಿದ್ದವರೇ ಎಂದು ಕೇಳಿದರು. ಹೌದೆಂದೆ.

“ಐತವಾರ ಬಂತಂದ್ರ ಗಡ್ಡ ಮಾಡ್ಕೊಂಡು, ಒಗದ ಅಂಗಿ ಹಾಕ್ಕೊಂಡು ಬಾಗಿಲಾಗ ಕುಂದ್ರತಿದ್ದ” ಎಂದರು. “ಯಾರರ ಒಬ್ರು ಬರ್ತಾರ ಅಂತಿದ್ದ.”

ಬಸ್ಸು ಸಿಗಲಿಲ್ಲ ಎಂದು ಸುಳ್ಳು ಹೇಳುವಂತೆಯೂ ಇರಲಿಲ್ಲ. ಸಿರುಗುಪ್ಪದಿಂದ ರಾರಾವಿಗೆ ದಿನಕ್ಕೆ ನಾಲ್ಕು ಬಸ್ಸುಗಳಿದ್ದವು, ಭಾನುವಾರವೂ.