ಡಬಲ್ ರೋಡ್ ಗೇಟಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ಎರಡನೇ ಮದುವೆಗೆ ಹೆಣ್ಣು ನೋಡುವ ಶಾಸ್ತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಲಾಲ್‌ಬಾಗಿನಲ್ಲಿ ಇಟ್ಟುಕೊಳ್ಳಿ. ಮನೆಯಾದರೆ ಎದುರುಮನೆಯವರು ಕಿಟಕಿ ಬಿಟ್ಟು ಕದಲುವುದಿಲ್ಲ, ಬಂದವರು ಸೋಫಾ ಬಿಟ್ಟು ಏಳುವುದಿಲ್ಲ. ಲಾಲ್‌ಬಾಗಿನಲ್ಲಿ ಎಲ್ಲರೂ ನಡೆಯುತ್ತಲೇ ಇರುತ್ತಾರೆ. ಮಾತು ಸರಿಹೋಗದಿದ್ದರೆ ಇನ್ನೊಂದು ದಾರಿಗೆ ತಿರುಗಿಕೊಂಡರಾಯಿತು.

ಇನ್ನೊಂದು ಲಾಭ, ಅಲ್ಲಿ ಬಿಸಿಲಿದೆ. ಜಯನಗರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗು, ಫಾಲು ಮಾರುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ನಾನು ಯಾರಿಗೂ ಬಣ್ಣ ಒಪ್ಪಿಸಿದವಳಲ್ಲ. ಬಟ್ಟೆ ಹಿಡಿದು ಗಿರಾಕಿಯನ್ನು ಫುಟ್‌ಪಾತಿಗೆ ಕರೆದೊಯ್ಯುತ್ತೇನೆ. ಒಳಗೆ ಅಕ್ಕತಂಗಿಯರಂತೆ ಕಂಡ ಎರಡು ಹಸಿರು ಹೊರಗೆ ಬಂದ ಕೂಡಲೇ ಮುಖ ತಿರುಗಿಸಿಕೊಳ್ಳುವುದನ್ನು ದಿನವೂ ನೋಡುತ್ತೇನೆ. ಮನುಷ್ಯರನ್ನೂ ಬೆಳಕಿಗೆ ಹಿಡಿದೇ ನೋಡಬೇಕು ಎಂದು ಅತ್ತಿಗೆಗೆ ಹೇಳಿದೆ.

ಈ ಸಂಬಂಧ ತಂದವರು ಅತ್ತಿಗೆಯೇ. ನನ್ನ ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹೊಸತರಲ್ಲಿ ಹನುಮಂತನಗರದ ಬೀದಿಗಳಲ್ಲಿ ಬ್ಯಾಗು ಹೊತ್ತು ಮನೆಮನೆಗೆ ಫಾಲು ಮಾರಿದೆ. ಅಲ್ಲಿಂದ ಒಂದು ಷಟರಿನ ಕೆಳಗೆ ಬಂದು ನಿಲ್ಲುವಷ್ಟರಲ್ಲಿ ಎಷ್ಟು ಚಪ್ಪಲಿ ಸವೆಸಿದೆನೋ ನನಗೇ ಗೊತ್ತು. ಆದರೂ ಸುಳ್ಳು ಯಾಕೆ? ಸಂಜೆ ಬೀಗ ಹಾಕಿ ಉತ್ತರಹಳ್ಳಿಯ ಮನೆಗೆ ಬಂದಾಗ, ಆ ದಿನದ ಗಿರಾಕಿಗಳ ತಮಾಷೆ ಹೇಳಿಕೊಂಡು ನಗಲು ಒಬ್ಬರು ಇದ್ದಿದ್ದರೆ ಎನಿಸುತ್ತಿತ್ತು. ಅದಕ್ಕೇ ಒಪ್ಪಿದೆ. ಭಾನುವಾರ ಬೆಳಿಗ್ಗೆ ಬೇಗ ಎಂದೆ, ಹನ್ನೊಂದಕ್ಕೆ ಅಂಗಡಿ ತೆಗೆಯಬೇಕಿತ್ತು.

ನಾನು ಸ್ಕೂಟರ್ ಓಡಿಸಿದೆ. ಅತ್ತಿಗೆ ಹಿಂದೆ ಕೂತು, ಕೇಸರಿಬಾತಿನ ಸ್ಟೀಲ್ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದರು. ಶಾಸ್ತ್ರ ಎಲ್ಲೇ ನಡೆಯಲಿ, ಸಿಹಿಯಿಲ್ಲದೆ ನಡೆಯಬಾರದು ಎಂಬುದು ಅವರ ಹಟ. ಲಾಲ್‌ಬಾಗಿನ ಡಬಲ್ ರೋಡ್ ಗೇಟಿನ ಸೆಕ್ಯುರಿಟಿಯವನು ಡಬ್ಬಿಯನ್ನು ತಡೆದ.

"ಆಂಟಿ, ತಿಂಡಿ ಒಳಗೆ ಬಿಡಲ್ಲ."

"ಹೆಣ್ಣು ನೋಡೋ ಶಾಸ್ತ್ರ ಕಣಪ್ಪಾ, ಇವತ್ತೊಂದಿನ ಬಿಡು," ಎಂದರು ಅತ್ತಿಗೆ.

ಅವನು ನಮ್ಮ ಹಿಂದೆ ಮುಂದೆ ನೋಡಿದ. "ಹುಡುಗಿ ಎಲ್ಲಿ?"

"ನಾನೇ," ಎಂದೆ.

ಅವನ ಮುಖ ನೋಡಿ ನನಗೇ ನಗು ಬಂತು. ಡಬ್ಬಿಯನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಒಳಗೆ ಹೋದೆವು.

ಹೂವಿನ ಗಡಿಯಾರದ ಹತ್ತಿರ ಅವರಿಬ್ಬರೂ ನಿಂತಿದ್ದರು. ಆ ಮನುಷ್ಯ, ಹೆಂಡತಿ ತೀರಿಕೊಂಡವರು, ಸಂಬಳದ ಕೆಲಸ, ಇಸ್ತ್ರಿ ಮಾಡಿದ ತಿಳಿನೀಲಿ ಷರ್ಟು. ಜೊತೆಗೆ ಗಿರಿನಗರದ ಅವರ ಅಕ್ಕ. ಗುಲಾಬಿ ತೋಟದಲ್ಲಿ ಅಕ್ಕ ಫೋಟೋ ತೆಗೆಯುತ್ತಾ ಹಿಂದುಳಿದಾಗ ನಾನು ಆ ಮನುಷ್ಯನಿಗೆ ನನ್ನ ಗಿರಾಕಿಯೊಬ್ಬಳ ಕಥೆ ಹೇಳಿದೆ. ಗಂಡನ ಷರ್ಟಿಗೆ ಮ್ಯಾಚ್ ಆಗುವ ಬ್ಲೌಸು ಬೇಕೆಂದು ಬಂದವಳು, ಗಂಡನನ್ನೇ ಆ ಷರ್ಟಿನಲ್ಲಿ ಫುಟ್‌ಪಾತಿಗೆ ನಿಲ್ಲಿಸಿ ಭುಜದ ಮೇಲೆ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಹೊದಿಸಿದ್ದಳು. ಅವರು ಬಾಯ್ತುಂಬ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆ ನಗು ನನಗೆ ಬೇಕೆನಿಸಿತು. ಬೇಕು ಎನಿಸಿದ್ದನ್ನು ಮುಖದಲ್ಲಿ ತೋರಿಸಬಾರದು ಎಂದು ಎಲ್ಲರಿಗೂ ಬುದ್ಧಿ ಹೇಳುವ ನಾನೇ ತೋರಿಸಿಬಿಟ್ಟಿರಬೇಕು. ಅಕ್ಕ ಸರಸರನೆ ಬಂದು ಜೊತೆಗೂಡಿದರು.

ಬೋನ್ಸಾಯ್ ತೋಟದಲ್ಲಿ, ಅಗಲ ಕುಂಡದಲ್ಲಿ ಮೊಣಕಾಲೆತ್ತರಕ್ಕೆ ನಿಂತ ಮರವೊಂದರ ಮುಂದೆ ಅಕ್ಕ ಮಾತು ತೆಗೆದರು.

"ಅಂಗಡಿ ಗಿಂಗಡಿ ಎಲ್ಲ ಇನ್ಯಾಕೆ ಹೇಳಿ? ಯಾರಿಗಾದ್ರೂ ವಹಿಸಿಬಿಡಿ. ಮನೇಲಿ ಆರಾಮಾಗಿರಿ. ನಮ್ಮ ಮನೆ ಹೆಂಗಸ್ರು ಗಲ್ಲಾ ಮೇಲೆ ಕೂತೋರಲ್ಲ."

"ನಾನೂ ಕೂತೋಳಲ್ಲ. ನಿಂತ್ಕೊಂಡೇ ವ್ಯಾಪಾರ ಮಾಡೋದು," ಎಂದೆ.

"ತಮಾಷೆ ಅಲ್ಲ ನಾನು ಹೇಳ್ತಿರೋದು. ಮದ್ವೆ ಬೇಕು ಅಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

ಅತ್ತಿಗೆ ನನ್ನ ಮೊಣಕೈ ಚಿವುಟಿದರು. ನಾನು ಲಾಲ್‌ಬಾಗಿನ ದೊಡ್ಡ ಬಂಡೆಯ ಕಡೆ ನಡೆಯತೊಡಗಿದೆ. ವ್ಯಾಪಾರ ಕಲಿಯುವವರಿಗೆ ಹೇಳುತ್ತೇನೆ: ಹೊರಟು ನಡೆಯಲು ಬರದವರು ಚೌಕಾಸಿಗೆ ಇಳಿಯಬೇಡಿ. ಹತ್ತು ಹೆಜ್ಜೆಯೊಳಗೆ ಕರೆ ಬರುತ್ತದೆ. ಬಂತು.

"ಮೇಡಂ, ಒಂದ್ನಿಮಿಷ!" ಅಕ್ಕ ಏದುಸಿರು ಬಿಡುತ್ತಾ ಬಂದರು. "ಆಯ್ತು, ಅರ್ಧ ದಿನ ಇಟ್ಕೊಳ್ಳಿ. ಮಧ್ಯಾಹ್ನದ ಮೇಲೆ ಮನೆ. ಏನಂತೀರಾ?"

ಬೇರೆ ಯಾವ ಸರಕಾಗಿದ್ದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಒಮ್ಮೆ ಇಳಿದವರು ಇನ್ನೊಮ್ಮೆ ಇಳಿಯುತ್ತಾರೆ. ಒಂದೆರಡು ಗಂಟೆ ಸೇರಿಸು, ಹಬ್ಬದ ಸೀಸನ್ನಿಗೆ ಪೂರ್ತಿ ದಿನ ಕೇಳು ಎಂದು ನಾಲಿಗೆ ತುದಿಯ ತನಕ ಬಂದಿತ್ತು. ಆದರೆ ನಾನು ಆ ಮನುಷ್ಯನನ್ನು ನೋಡಿದೆ. ಬಿಸಿಲು ಅವರ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಒಂದು ಮಾತು ಸಾಕಿತ್ತು. 'ಅಕ್ಕ, ಸುಮ್ನಿರು' ಎಂದಿದ್ದರೂ ಆಗುತ್ತಿತ್ತು. ಅವರು ವಾಚಿನ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿ, "ಅಕ್ಕ ಹೇಳೋದೂ ನಿಮ್ಮ ಒಳ್ಳೇದಕ್ಕೇ," ಎಂದರು.

'ಫಿಕ್ಸೆಡ್ ರೇಟ್' ಎಂದು ಬೋರ್ಡು ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥ ಅಂಗಡಿಯಲ್ಲೂ ಇಳಿಸಿ ತಂದ ಬಾಯಿ ನನ್ನದು. ಆವತ್ತು ಅದೇ ಬಾಯಲ್ಲಿ ಹೇಳಿದೆ: "ಇದು ಫಿಕ್ಸೆಡ್ ರೇಟ್ ಅಕ್ಕ. ಅಂಗಡಿ ಪೂರ್ತಿ ದಿನ ತೆಗೆದಿರುತ್ತೆ. ಬೀಗ ನನ್ನ ಹತ್ರಾನೇ ಇರುತ್ತೆ."

"ಇಷ್ಟು ಜೋರಿದ್ರೆ ಯಾರಮ್ಮಾ ಕಟ್ಕೋತಾರೆ ನಿಮ್ಮನ್ನ?"

"ಕಟ್ಟಿಸ್ಕೊಳ್ಳೋಕೆ ನಾನೇನು ಪಾರ್ಸಲ್ಲಾ?"

ಈ ಸಲ ಹೊರಟಾಗ ಹೆಜ್ಜೆ ಎಣಿಸಲಿಲ್ಲ. ಬಂಡೆಯ ನೆತ್ತಿಯವರೆಗೂ ಒಂದೇ ಉಸಿರಿಗೆ ಹತ್ತಿದೆ. ಅಲ್ಲಿರುವ ಹಳೇ ಗೋಪುರದ ನೆರಳಲ್ಲಿ ನಿಂತೆ. ಆ ನಗು ಕೈತಪ್ಪಿತಲ್ಲಾ ಎನಿಸಿದ್ದೂ ನಿಜ. ಹಿಂದಿನಿಂದ ಮತ್ತೆ ಕೂಗು ಕೇಳಿಸಿತು. ತಿರುಗಿದೆ. ಅತ್ತಿಗೆ ಒಬ್ಬರೇ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಸ್ಕೂಟರ್ ಕೀ ನಿನ್ ಹತ್ರ ಇದೆ ಕಣೇ, ನಾನು ಮನೆಗೆ ಹೆಂಗೆ ಹೋಗ್ಲಿ!"

ಗೇಟಿನ ಹೊರಗೆ ಸ್ಕೂಟರಿಗೆ ಒರಗಿ ಡಬ್ಬಿ ಬಿಚ್ಚಿದೆವು. ಸೆಕ್ಯುರಿಟಿಯವನಿಗೂ ಮುಚ್ಚಳದಲ್ಲಿ ಒಂದಿಷ್ಟು ಹಾಕಿಕೊಟ್ಟೆ.

"ಏನಾಯ್ತು ಆಂಟಿ?"

"ಕುದುರಲಿಲ್ಲಪ್ಪಾ. ತಿನ್ನು, ದ್ರಾಕ್ಷಿ ಗೋಡಂಬಿ ಹಾಕಿದೆ."

ಸ್ಕೂಟರ್ ಸೌತ್ ಎಂಡ್ ಸರ್ಕಲ್ ದಾಟಿತು. ಅತ್ತಿಗೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು, "ಅರ್ಧ ದಿನಕ್ಕೆ ಒಪ್ಕೊಂಡಿದ್ರೆ ಏನು ಗಂಟು ಹೋಗ್ತಿತ್ತೇ?"

"ಮಿಕ್ಕ ಅರ್ಧ ದಿನ ಬೀಗ ಯಾರ ಹತ್ರ ಇರ್ತಿತ್ತು ಅತ್ತಿಗೆ?"

ನನ್ನ ಸೊಂಟ ಹಿಡಿದಿದ್ದ ಅವರ ಕೈ ಸ್ವಲ್ಪ ಬಿಗಿಯಾಯಿತು.

ಹನ್ನೊಂದಕ್ಕೆ ಷಟರ್ ಎತ್ತಿದೆ. ಮೊದಲು ಬಂದವಳು ನವಿಲುಗರಿ ಬಣ್ಣದ ಸೀರೆ ತಂದಿದ್ದಳು. ಫುಟ್‌ಪಾತಿನ ಬಿಸಿಲಿನಲ್ಲಿ ಲೈನಿಂಗ್ ಹಿಡಿದು ತೋರಿಸುತ್ತಲೇ ಬೆಳಗಿನ ಕಥೆಯನ್ನೆಲ್ಲಾ ಹೇಳಿದೆ. ಪಾರ್ಸಲ್ಲಿನ ಮಾತಿಗೆ ಬಂದಾಗ ಅವಳು ಸೀರೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣು ಒರೆಸಿಕೊಂಡ ಮೇಲೆ ಚೌಕಾಸಿ ಶುರುಮಾಡಿದಳು. ನಾನೇನೂ ಬಿಟ್ಟುಕೊಡಲಿಲ್ಲ.