ಉಳಿದ ಒಂದು ಶಾಲು

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಇಂಗ್ಲೆಂಡಿನ ಕಾರ್ಮಿಕರ ಕ್ಲಬ್ಬೊಂದರ ಕುರಿತ ಹಳೆಯ ಟೀವಿ ಹಾಸ್ಯ ಧಾರಾವಾಹಿಯನ್ನು ನಾನು ವರ್ಷಗಳಿಂದ ತಿರುಗಿ ತಿರುಗಿ ನೋಡುತ್ತಿದ್ದೇನೆ. ಆ ಊರು ಕಂಡವನಲ್ಲ, ಆ ಬಿಯರ್ ಕುಡಿದವನಲ್ಲ, ಅವರ ಅರ್ಧ ಮಾತು ನನಗೆ ತಿಳಿಯುವುದೂ ಇಲ್ಲ. ಆದರೂ ಕಮಿಟಿಯ ಗಂಡಸರು ಮೈಕ್ ಯಾರು ಹಿಡಿಯಬೇಕೆಂದು ಜಗಳಾಡುವುದನ್ನು ಕಂಡರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಪಕ್ಕದಲ್ಲಿ ಕೂರುವ ಮಗಳು ಅನನ್ಯಾಳಿಗೂ ಅಷ್ಟೇ.

"ನಿಮ್ಮನ್ನ ನೀವ ನೋಡ್ಕೊಂಡು ನಗಾಕತ್ತೀರಿ, ಅಷ್ಟೂ ತಿಳಿಯೂದಿಲ್ಲೇನ್ರಿ?" ಎಂದು ನನ್ನಂತೆಯೇ ಹುಬ್ಬಳ್ಳಿಯವಳಾದ ಹೆಂಡತಿ ಕೇಳಿದಾಗ ಸಿಟ್ಟು ಬಂದಿತ್ತು. ನಾನು ಮೆಲ್ಬರ್ನಿನ ಕ್ರಾನ್‌ಬರ್ನ್ ಕಡೆಯ ಪುಟ್ಟ ಕನ್ನಡ ಸಂಘವೊಂದರ ಕಾರ್ಯದರ್ಶಿ. ನಮ್ಮಲ್ಲಿ ಬಿಯರ್ ಇಲ್ಲ, ಬಿಸಿಬೇಳೆಬಾತ್ ಇದೆ. ಹೋಲಿಕೆ ಎಲ್ಲಿಂದ ಬಂತು?

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಅನನ್ಯಾ ಹಾಡಬೇಕಿತ್ತು. ಮಾತೆಲ್ಲ ಇಂಗ್ಲಿಷಿನಲ್ಲೇ ಆಡುವ ಹುಡುಗಿ ವಚನವೊಂದನ್ನು ಕಾರಿನಲ್ಲೂ ಬಾತ್‌ರೂಮಿನಲ್ಲೂ ಹಾಡಿ ಹಾಡಿ ಕಲಿತಿದ್ದಳು. ಕಾರ್ಯದರ್ಶಿಯ ಮಗಳಿಗೆ ಮೊದಲೇ ಅವಕಾಶ ಕೊಟ್ಟರೆ ಜನ ಏನಂದಾರು ಎಂದು ಅವಳನ್ನು ಕೊನೆಗೆ ಇಟ್ಟವನು ನಾನೇ. ಹಾಲ್ ರಾತ್ರಿ ಒಂಬತ್ತಕ್ಕೆ ಬಿಟ್ಟುಕೊಡಬೇಕಿತ್ತು.

ಅವಳಿಗಿಂತ ಮೊದಲು ಸನ್ಮಾನ. ಸಿಡ್ನಿಯಿಂದ ಬಂದ ಅತಿಥಿಗೆ ಶಾಲು ಹೊದಿಸಿದೆವು. ಅವರನ್ನು ಏರ್‌ಪೋರ್ಟಿನಿಂದ ಕರೆತಂದವರಿಗೆ ಹೊದಿಸದಿದ್ದರೆ ಹೇಗೆ? ಮೈಸೂರಿನವರಾದ ನಮ್ಮ ಅಧ್ಯಕ್ಷರು ಕಿವಿಯಲ್ಲಿ, "ಅಡುಗೆಯವ್ರನ್ನ ಬಿಟ್ರೆ ಬೇಜಾರ್ ಮಾಡ್ಕೋತಾರೆ ರೀ, ಎರಡೇ ನಿಮಿಷ" ಎಂದರು. ಆಮೇಲೆ ಮಾಜಿ ಅಧ್ಯಕ್ಷರು, ಆಮೇಲೆ ಊರಿಂದ ಬಂದಿದ್ದ ಅವರ ಮಾವನವರು. ಕೆಳಗಿದ್ದವರಿಗಿಂತ ವೇದಿಕೆಯ ಮೇಲಿನ ಜನವೇ ಹೆಚ್ಚಾದರು. ಎಲ್ಲರ ಗುಣಗಾನ ಮಾಡಿದವನು ನಾನು. ಮೈಕ್ ಕೈಗೆ ಬಂದರೆ ನನಗೆ ಗಡಿಯಾರ ಕಾಣುವುದಿಲ್ಲ.

ವೇದಿಕೆಯ ಬದಿಯಲ್ಲಿ ರೇಷ್ಮೆ ಲಂಗ ಉಟ್ಟ ಅನನ್ಯಾ. ಇನ್ನೇನು ಅವಳ ಹೆಸರು ಕರೆಯಬೇಕು, ಅಷ್ಟರಲ್ಲಿ ಅಧ್ಯಕ್ಷರು ಇನ್ನೊಂದು ಶಾಲು ಉಳಿದಿದೆ ಎಂದರು. ಅದು ನನಗಂತೆ! ಇದ್ದದ್ದು ಒಂದು ಹಾಡಿನಷ್ಟು ಸಮಯ, ಅದೂ ಗೊತ್ತಿತ್ತು. "ಬೇಡ ಬೇಡ" ಎನ್ನುತ್ತಲೇ ತಲೆ ಬಗ್ಗಿಸಿದೆ. ಸಾಲದ್ದಕ್ಕೆ ನನ್ನ ಬಗ್ಗೆ ನಾನೇ ಎರಡು ಮಾತೂ ಆಡಿದೆ. ಹಾಲ್ ನೋಡಿಕೊಳ್ಳುವಾತ ಬಂದು ಬೀಗದ ಕೈ ಅಲ್ಲಾಡಿಸಿದ. ಹಾಡು ಆಗಲೇ ಇಲ್ಲ. ಮನೆ ಬರುವವರೆಗೂ ಅವಳು ಕಾರಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಬಾಯಿಬಿಟ್ಟು ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಆ ಧಾರಾವಾಹಿ ಹಾಕಿದಳು. ಕ್ಲಬ್ಬಿನ ಯಜಮಾನ ಎಲ್ಲರೆದುರು ತನಗೆ ತಾನೇ ಬಹುಮಾನ ಕೊಟ್ಟುಕೊಳ್ಳುತ್ತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ವೈ ಆರ್ ಯೂ ನಾಟ್ ಲಾಫಿಂಗ್?"

ಆ ಕ್ಲಬ್ಬಿನವರು ಎಷ್ಟು ಸಲ ಮಾನ ಕಳೆದುಕೊಂಡರೂ ಮುಂದಿನ ವಾರ ಮತ್ತೆ ಬಂದು ಕುರ್ಚಿ ಹಾಕುತ್ತಾರೆ. ನೋಡುವ ಜನ ಅವರನ್ನು ಇನ್ನೂ ಬಿಡದಿರುವುದು ಬಹುಶಃ ಅದಕ್ಕೇ. ನಾನೂ ಧೈರ್ಯ ಮಾಡಿ ಟೀವಿ ನಿಲ್ಲಿಸಿ, "ನಂದ ತಪ್ಪಾತು ಪುಟ್ಟಿ. ಈಗ ಹಾಡ್ತೀಯೇನು?" ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ಸತಾಯಿಸಿ, ರಾತ್ರಿಯುಡುಪಿನಲ್ಲೇ ಎದ್ದು ನಿಂತು ಹಾಡಿದಳು. ಒಂದು ಅಕ್ಷರ ತಪ್ಪಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಹಾಡು ಮುಗಿಯುತ್ತಲೇ, ಅಭ್ಯಾಸಬಲ ನೋಡಿ, ನಾನು ಎದ್ದು ಎರಡು ಮಾತಾಡಲು ಗಂಟಲು ಸರಿಮಾಡಿಕೊಂಡೆ.

"ಸುಮ್ಮ ಕೂಡ್ರಿ" ಎಂದಳು ಹೆಂಡತಿ.

ಕೂತು ಚಪ್ಪಾಳೆ ಹೊಡೆದೆ.